ಕೊರಳ ಕಾಳು, ಎಲುಬಿನ ಸುಣ್ಣ

ಕೊರಳಲ್ಲಿ ಥೈರಾಯ್ಡಿನ ಹಿಂದೆ ಅಡಗಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು, ಗಾತ್ರದಲ್ಲಿ ಅಕ್ಕಿಕಾಳಿನಷ್ಟು. ರಕ್ತದ ಸುಣ್ಣಾಂಶವನ್ನು ಹದದಲ್ಲಿಡುವುದು ಇವುಗಳ ಕೆಲಸ. ಇವು ಕೆರಳಿದರೆ ಎಲುಬಿನ ಸುಣ್ಣ ಕರಗಿ ರಕ್ತಕ್ಕಿಳಿಯುತ್ತದೆ.

ವಿಯೆನ್ನಾದ ಟ್ರಾಂ ಕಂಡಕ್ಟರ್ ಆಲ್ಬರ್ಟನಿಗೆ ಆದದ್ದು ಇದೇ. ಸವೆದ ಎಲುಬಿಗೆ ನೆರವಾಗಲೆಂದೇ ಗ್ರಂಥಿ ಬೆಳೆಯುತ್ತದೆಂಬುದು ಅಂದಿನ ವೈದ್ಯರ ನಂಬಿಕೆ. ಡಾಕ್ಟರ್ ಫೆಲಿಕ್ಸ್ ಮಾಂಡ್ಲ್ ಮೊದಲು ಬೇರೊಬ್ಬರ ಗ್ರಂಥಿಯನ್ನು ನಾಟಿ ಮಾಡಿ ನೋಡಿದರು, ಗುಣ ಕಾಣಲಿಲ್ಲ. 1925ರಲ್ಲಿ ನಂಬಿಕೆಯನ್ನು ಬದಿಗಿಟ್ಟು ಗಡ್ಡೆಯನ್ನೇ ತೆಗೆದರು. ಆಲ್ಬರ್ಟ್ ನೋವು ತಗ್ಗಿ ನಡೆದಾಡಿದ. ಆದರೆ ಕೆಲವು ವರ್ಷಗಳಲ್ಲಿ ರೋಗ ಮರುಕಳಿಸಿತು. 1933ರ ಶಸ್ತ್ರಕ್ರಿಯೆ ಫಲಿಸಲಿಲ್ಲ. ಅದು ಕ್ಯಾನ್ಸರೇ ಇದ್ದೀತೆಂದು ಕೆಲವರು ಮುಂದೆ ಶಂಕಿಸಿದರು.

ಈ ಅಪರೂಪದ ಕ್ಯಾನ್ಸರಿನಲ್ಲಿ ಮೊದಲ ಶಸ್ತ್ರಕ್ರಿಯೆಯೇ ನಿರ್ಣಾಯಕ. ಗಡ್ಡೆಯನ್ನು ಪೊರೆ ಒಡೆಯದಂತೆ, ಆ ಪಕ್ಕದ ಥೈರಾಯ್ಡಿನೊಡನೆ ಇಡಿಯಾಗಿ ತೆಗೆಯಬೇಕು. ಚೂರು ಉಳಿದರೆ, ಪ್ರಾಣಕ್ಕೆ ಎರವಾಗುವುದು ಗಡ್ಡೆಗಿಂತ ಹೆಚ್ಚಾಗಿ ರಕ್ತದಲ್ಲಿ ಏರುವ ಸುಣ್ಣ.