ಎರೆತೊಟ್ಟಿಯ ಜಾಗ: ದೋಣಿಯೊಳಗೆ ಕಡಲನ್ನು ಹೊತ್ತೊಯ್ದ ಬಗೆ

ಗೆದರೆ ಮೀನನ್ನು ಬಲೆಯಿಲ್ಲದೆ, ಬಿದಿರ ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತುವ ಪದ್ಧತಿ ಬೆಳೆದ ಕಡಲುಗಳಲ್ಲೆಲ್ಲ, ದೊಡ್ಡ ಮೀನಿಗಿಂತ ಮೊದಲು ಹಿಡಿಯಬೇಕಾದದ್ದು ಬೆರಳುದ್ದದ ಸಣ್ಣ ಮೀನನ್ನು. ಈ ಸಣ್ಣ ಮೀನನ್ನು ಜೀವಂತವಾಗಿ ಹೊರಗಡಲಿಗೆ ಒಯ್ದು, ಗೆದರೆಯ ಹಿಂಡು ಕಂಡಲ್ಲಿ ಹಿಡಿಹಿಡಿಯಾಗಿ ಚೆಲ್ಲಿದರೆ ಹಿಂಡು ದೋಣಿಯ ಬದಿಗೆ ಬಂದು ಕವಿಯುತ್ತದೆ. ಹಸಿವು ಕೆರಳಿದ ಆ ಕೆಲವು ನಿಮಿಷಗಳಲ್ಲಿ ಅದು ಏನನ್ನೂ ಚುಚ್ಚದ ಬರಿಯ ಗಾಳವನ್ನು ಕೂಡ ಕಚ್ಚುತ್ತದೆ. ಹೀಗೆ ಚೆಲ್ಲುವ ಮೀನಿಗೆ ಎರೆಮೀನು ಎಂದೂ, ಅದನ್ನು ಬದುಕಿಸಿಟ್ಟುಕೊಳ್ಳುವ ನೀರಿನ ಕೋಣೆಗೆ ಎರೆತೊಟ್ಟಿ ಎಂದೂ ಹೇಳಬಹುದು. ಸತ್ತ ಎರೆಮೀನು ಈ ಕೆಲಸಕ್ಕೆ ಬಾರದು. ಚೆಲ್ಲಿದ ಮೀನು ದಿಕ್ಕುಗೆಟ್ಟು ಓಡಬೇಕು, ಆ ಓಟವೇ ಗೆದರೆಯನ್ನು ಸೆಳೆಯುವುದು.

ಆದ್ದರಿಂದ ಈ ಕಸುಬಿನ ದೋಣಿ ಕಡಲಿನ ಮೇಲೆ ತೇಲಿದರೆ ಸಾಲದು, ಕಡಲಿನ ಒಂದು ತುಣುಕನ್ನು ತನ್ನೊಳಗೆ ಹೊರಬೇಕು. ನೀರು ಭಾರವಾದದ್ದು, ಅಲುಗಾಡುವಂಥದ್ದು, ನಿಂತರೆ ಕೆಡುವಂಥದ್ದು. ಈ ಮೂರೂ ಗುಣಗಳು ದೋಣಿ ಕಟ್ಟುವವನಿಗೆ ಶತ್ರುಗಳೇ. ತೊಟ್ಟಿ ಎಲ್ಲಿರಬೇಕೆಂಬುದು ಬಡಗಿಯೊಬ್ಬನಿಗೆ ಸೇರಿದ ಸಣ್ಣ ವಿಷಯವೆಂದು ತೋರಬಹುದಾದರೂ, ಅದರ ಚರಿತ್ರೆಯನ್ನು ಹಿಂಬಾಲಿಸಿದಾಗ ಕಂಡುಬರುವುದು ಬೇರೆ: ಆಯಾ ಕಾಲದಲ್ಲಿ ತೊಟ್ಟಿಯ ನೀರನ್ನು ಬದಲಿಸುವ ಶಕ್ತಿ ಯಾವುದಾಗಿತ್ತೋ, ಮುಖ್ಯವಾಗಿ ಅದೇ ತೊಟ್ಟಿಯ ಜಾಗವನ್ನೂ ಗೊತ್ತುಮಾಡಿತು.

ಭಾರತದ ಮಟ್ಟಿಗೆ ಇದರ ನೆಲೆ ಲಕ್ಷದ್ವೀಪದ ದಕ್ಷಿಣ ತುದಿಯಲ್ಲಿರುವ ಮಿನಿಕಾಯ್. ಉಳಿದ ದ್ವೀಪಗಳಿಂದ ಒಂಬತ್ತು ಡಿಗ್ರಿ ಕಾಲುವೆಯೂ ಮಾಲ್ದೀವ್ಸ್‌ನಿಂದ ಎಂಟು ಡಿಗ್ರಿ ಕಾಲುವೆಯೂ ಬೇರ್ಪಡಿಸಿರುವ ಈ ದ್ವೀಪವನ್ನು ಅಲ್ಲಿಯವರು ಮಲಿಕು ಎನ್ನುತ್ತಾರೆ. ಅವರ ಮಾತು ಮಹ್ಲ್, ಎಂದರೆ ಮಾಲ್ದೀವ್ಸ್‌ನ ದಿವೆಹಿ ಭಾಷೆಯ ಒಂದು ರೂಪ. ಆಡಳಿತದಲ್ಲಿ ಮಲಬಾರಿಗೂ ಆಮೇಲೆ ಲಕ್ಷದ್ವೀಪಕ್ಕೂ ಸೇರಿದ್ದರೂ ಮೀನುಗಾರಿಕೆಯಲ್ಲಿ ಅದು ಮಾಲ್ದೀವ್ಸ್‌ನ ಮುಂದುವರಿಕೆಯೇ ಆಗಿದೆ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಮಾಲ್ದೀವ್ಸ್‌ನಲ್ಲಿ ನೆಲೆಸಿದ್ದ ಇಬ್ನ್ ಬತೂತ, ಅಲ್ಲಿ ಮೀನನ್ನು ನಾಲ್ಕು ತುಂಡು ಮಾಡಿ, ಅರೆಬೇಯಿಸಿ, ಗರಿಯ ಬುಟ್ಟಿಗಳಲ್ಲಿ ಹೊಗೆಗೆ ತೂಗುಹಾಕಿ ಒಣಗಿಸುವುದನ್ನೂ ಅದು ಭಾರತ, ಚೀನಾ, ಯೆಮೆನ್‌ಗಳಿಗೆ ಹೋಗುವುದನ್ನೂ ಬರೆದಿಟ್ಟಿದ್ದಾನೆ. ಮಿನಿಕಾಯ್‌ನ ಮಾಸ್‌ಮೀನ್ ಎಂಬ ಮರದ ಚೂರಿನಂತೆ ಗಟ್ಟಿಯಾದ ಒಣಮೀನು ಇದೇ ವಂಶದ್ದು. ಸಿಂಹಳದ ಅಡುಗೆಮನೆ ಇಂದಿಗೂ ಅದರ ಜಾತಿಯ ಮೀನಿಲ್ಲದೆ ಸಾಗದು.

ಈ ಕಸುಬಿಗೆಂದೇ ಕಟ್ಟಿದ ದೋಣಿಯ ಹೆಸರು ಮಾಸ್ ಓಡಿ. ಮಾಸ್ ಎಂದರೆ ಮಹ್ಲ್ ಭಾಷೆಯಲ್ಲಿ ಮೀನು, ಸಂಸ್ಕೃತದ ಮತ್ಸ್ಯಕ್ಕೆ ದೂರದ ನೆಂಟ. ಓಡಿ ಎಂಬುದು ಕನ್ನಡದ ಓಡ, ಮಲಯಾಳದ ಓಡಂ ಎಂಬ ಮಾತುಗಳನ್ನು ನೆನಪಿಸದೆ ಇರದು. ಹಾಯಿಯಿಂದಲೂ ಹುಟ್ಟಿನಿಂದಲೂ ನಡೆಯುತ್ತಿದ್ದ, ಬದಿಗಳು ತಗ್ಗಾಗಿರುವ ಈ ತೆಳ್ಳನೆಯ ದೋಣಿಯ ಹಿಂತುದಿಯಲ್ಲಿ ಗಾಳದವರು ನಿಲ್ಲಲು ಅಗಲವಾದ ಹಲಗೆಯ ಜಗಲಿಯಿತ್ತು. ಎರೆತೊಟ್ಟಿ ಇದ್ದದ್ದು ಅಲ್ಲಲ್ಲ, ದೋಣಿಯ ನಡುಹೊಟ್ಟೆಯಲ್ಲಿ. ಅಡ್ಡಗೋಡೆಗಳಿಂದ ಬೇರೆ ಮಾಡಿದ ಆ ಕೋಣೆಯ ತಳದ ಹಲಗೆಗಳಲ್ಲಿ ಬೇಕೆಂದೇ ಕೊರೆದ ತೂತುಗಳಿದ್ದು, ಬೇಡವಾದಾಗ ಅವುಗಳಿಗೆ ಮರದ ಬಿರಡೆ ಹಾಕಲಾಗುತ್ತಿತ್ತು. ಬಿರಡೆ ತೆಗೆದರೆ ಕಡಲು ತಾನಾಗಿ ಒಳಗೆ ಚಿಮ್ಮುತ್ತಿತ್ತು. ದೋಣಿಯ ತಳಕ್ಕೆ ತೂತು ಕೊರೆದು ಅದನ್ನೇ ಅನುಕೂಲ ಮಾಡಿಕೊಂಡ ಈ ಬುದ್ಧಿ ಮೇಲುನೋಟಕ್ಕೆ ಹುಚ್ಚುತನದಂತೆ ಕಾಣುತ್ತದೆ.

ಆದರೆ ಅದರ ಲೆಕ್ಕ ಬಿಗಿಯಾಗಿದೆ. ತೂತುಗಳನ್ನು ತೆರೆದು ಸುಮ್ಮನೆ ಬಿಟ್ಟರೆ ಒಳಗಿನ ನೀರು ಹೊರಗಿನ ಕಡಲಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಮಟ್ಟ ಸಮವಾದ ಮೇಲೆ ಒಳಹರಿವು ಕುಗ್ಗುತ್ತದೆ, ಕಿಕ್ಕಿರಿದ ಎರೆಮೀನು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ತೀರಿಸಿ ಸಾಯತೊಡಗುತ್ತದೆ. ಆದ್ದರಿಂದ ದೋಣಿಯವರಲ್ಲಿ ಕೆಲವರು ಬಿಡುವಿಲ್ಲದೆ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಅವರು ಮೊಗೆಯುತ್ತಿದ್ದುದು ದೋಣಿ ಮುಳುಗದಂತೆ ನೋಡಿಕೊಳ್ಳುವುದಕ್ಕೆ ಮಾತ್ರವಲ್ಲ, ಒಳಗಿನ ಮಟ್ಟ ಹೊರಗಿನದಕ್ಕಿಂತ ಸದಾ ಕೆಳಗಿರುವಂತೆ ಕಾಯ್ದು, ತಳದ ತೂತುಗಳಿಂದ ಹೊಸ ನೀರು ಬುಗ್ಗೆಯಾಗಿ ಏಳುತ್ತಲೇ ಇರುವಂತೆ ಮಾಡುವುದಕ್ಕೆ. ತೂತು ಸೇದುವ ಕೊಳವೆಯಾಗಿ, ಮನುಷ್ಯನ ತೋಳು ಪಂಪಾಗಿ ದುಡಿಯುತ್ತಿದ್ದವು. ಈ ಏರ್ಪಾಡಿನಲ್ಲಿ ತೊಟ್ಟಿಗೆ ಬೇರೆ ಜಾಗವೇ ಇರಲಾರದು: ನೀರು ತಾನಾಗಿ ಬರಬೇಕಾದರೆ ತೊಟ್ಟಿಯ ತಳ ನೀರಗೆರೆಗಿಂತ, ಎಂದರೆ ದೋಣಿಯ ಬದಿಯನ್ನು ಕಡಲಿನ ಮೇಲ್ಮೈ ಮುಟ್ಟುವ ರೇಖೆಗಿಂತ, ಕೆಳಗಿರಬೇಕು, ದೋಣಿಯ ಮೂತಿಯ ಏರಿಳಿತದಲ್ಲಿ ತೂತುಗಳು ಗಾಳಿಗೆ ತೆರೆದುಕೊಳ್ಳಬಾರದಾದರೆ ಅದು ನಡುಭಾಗದಲ್ಲೇ ಇರಬೇಕು, ಚೆಲ್ಲುವವನ ಕೈಗೂ ಹಿಂಜಗಲಿಯ ಗಾಳದವರಿಗೂ ದೂರವಾಗಬಾರದು.

ನೌಕಾನಿರ್ಮಾಣದ ಶಾಸ್ತ್ರ ಇದಕ್ಕೆ ಇನ್ನೊಂದು ಗುಣವನ್ನು ಸೇರಿಸುತ್ತದೆ. ಕಡಲಿಗೆ ತೆರೆದಿರುವ ಕೋಣೆಯ ನೀರನ್ನು ದೋಣಿ ಹೊತ್ತ ಭಾರವೆಂದು ಎಣಿಸುವುದಕ್ಕಿಂತ ದೋಣಿ ಕಳೆದುಕೊಂಡ ತೇಲುಶಕ್ತಿ ಎಂದು ಎಣಿಸುವುದು ರೂಢಿ, ಏಕೆಂದರೆ ಆ ಕೋಣೆ ಲೆಕ್ಕದಲ್ಲಿ ಕಡಲಿನ ಪಾಲೇ. ಹಾಗಾಗಿ ದೋಣಿ ಒಂದಿಷ್ಟು ತಗ್ಗಿ ಕೂರುತ್ತದೆಯೇ ಹೊರತು, ಮೇಲುಭಾರದಿಂದ ಒಂದು ಬದಿಗೆ ವಾಲುವ ಅಪಾಯ ಹೆಚ್ಚುವುದಿಲ್ಲ. ಮಿನಿಕಾಯ್‌ನ ಬಡಗಿಗೆ ಈ ಮಾತುಗಳ ಅಗತ್ಯವಿರಲಿಲ್ಲ.

ಎರೆಮೀನನ್ನು ಹಿಡಿಯುತ್ತಿದ್ದುದು ಲಗೂನಿನಲ್ಲಿ, ಎಂದರೆ ಹವಳದ ದಿಬ್ಬಗಳು ಸುತ್ತುಗಟ್ಟಿದ ಆಳವಿಲ್ಲದ ತಿಳಿನೀರಿನಲ್ಲಿ. ನೀರಿಗೆ ಇಳಿಸಿದ ಚೌಕಾಕಾರದ ಬಲೆಯ ಮೇಲೆ ಆಮಿಷ ಉದುರಿಸಿ, ಮೀನು ಗುಂಪುಗೂಡಿದೊಡನೆ ಬಲೆಯನ್ನು ಮೇಲೆತ್ತುವುದು ರೂಢಿ. ಹೊಂದೆಲಿ, ರೆಹಿ, ಬೋದಿ, ಮುಗುರಾನ್ ಎಂದು ಒಂದೊಂದಕ್ಕೂ ಅಲ್ಲಿ ಹೆಸರುಂಟು, ಅದರೊಂದಿಗೆ ಒಂದೊಂದರ ತಾಳಿಕೆಯ ಅರಿವೂ ಉಂಟು: ತಾರ್ಲೆಯ ದೂರದ ಬಳಗದ ಹೊಂದೆಲಿ ಮತ್ತು ಬೆಳ್ಳಿಗೆರೆಯ ರೆಹಿ ಗೆದರೆಗೆ ಬಲು ಇಷ್ಟವಾದರೂ ಕೈ ತಗುಲಿದರೆ ಪೊರೆ ಉದುರಿ ಬೇಗ ಸಾಯುತ್ತವೆ, ಹವಳದ ಸಂದುಗಳಲ್ಲಿ ಬದುಕುವ ಜಾತಿಗಳು ತೊಟ್ಟಿಯ ಇಕ್ಕಟ್ಟನ್ನು ಹೆಚ್ಚು ಹೊತ್ತು ಸಹಿಸುತ್ತವೆ. ಮಿಕ್ಕ ಎರೆಮೀನನ್ನು ಲಗೂನಿನಲ್ಲೇ ತೇಲುವ ದೊಡ್ಡ ಬುಟ್ಟಿಗಳಲ್ಲಿ ಮರುದಿನಕ್ಕೆ ಇಡುತ್ತಿದ್ದರು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಎಸ್. ಜೋನ್ಸ್ 1958ರಲ್ಲಿ ಮಿನಿಕಾಯ್‌ನ ಎರೆಮೀನುಗಾರಿಕೆಯನ್ನೇ ಪ್ರತ್ಯೇಕ ವಿಷಯವಾಗಿಸಿ ಪ್ರಬಂಧ ಪ್ರಕಟಿಸಿದ್ದು ಸುಮ್ಮನೆ ಅಲ್ಲ. ಎರೆ ಸಿಗದ ದಿನ ಗೆದರೆ ಎಷ್ಟೇ ಇದ್ದರೂ ದೋಣಿ ಹೊರಡುತ್ತಿರಲಿಲ್ಲ.

ಕನ್ನಡ ಕರಾವಳಿಗೂ ಈ ದ್ವೀಪಸಮೂಹಕ್ಕೂ ಇದ್ದ ನಂಟು ಇಲ್ಲಿ ಒಂದು ಕುತೂಹಲವನ್ನು ಹುಟ್ಟಿಸುತ್ತದೆ. ಉತ್ತರದ ಅಮಿನಿದಿವಿ ದ್ವೀಪಗಳು, ಎಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕೈಗೆ ಬಂದು, 1799ರ ನಂತರ ಬ್ರಿಟಿಷರ ಕೆನರಾಕ್ಕೆ ಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ದ್ವೀಪದ ಹುರಿನಾರು ಮಂಗಳೂರಿಗೆ ಬಂದು ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆದರೂ ತೂತಿನ ತೊಟ್ಟಿಯ ವಿದ್ಯೆ ಈ ದಾರಿಯಲ್ಲಿ ನಮ್ಮ ದಡಕ್ಕೆ ಬರಲಿಲ್ಲ. ಅದು ಇದ್ದದ್ದು ಮಿನಿಕಾಯ್‌ನಲ್ಲಿ, ಮಂಗಳೂರಿನ ಆಳ್ವಿಕೆಯಲ್ಲಿದ್ದದ್ದು ಅಮಿನಿದಿವಿ. ಬಂದಿದ್ದರೂ ಇಲ್ಲಿ ಬೇರೂರುತ್ತಿರಲಿಲ್ಲವೇನೋ: ತಿಳಿನೀರಿನ ಲಗೂನು ಇಲ್ಲಿಲ್ಲ, ಬಂಗುಡೆ ಬೂತಾಯಿಗಳ ಹಿಂಡುಗಳೇ ದಡದ ಹತ್ತಿರ ಬರುವಾಗ ರಂಪಣಿಯಂಥ ಎಳೆಬಲೆ ಬಿಟ್ಟು ಗಾಳದ ಕೋಲು ಹಿಡಿಯಲು ಯಾರಿಗೂ ಕಾರಣವಿರಲಿಲ್ಲ. ಲಕ್ಷದ್ವೀಪದ ಉಳಿದ ದ್ವೀಪಗಳಿಗೂ ಈ ಪದ್ಧತಿ ವ್ಯಾಪಕವಾಗಿ ಹರಡಿದ್ದು 1960ರ ದಶಕದಿಂದೀಚೆಗೆ, ಸರ್ಕಾರ ಯಂತ್ರದೋಣಿಗಳನ್ನು ತಂದು ಮಿನಿಕಾಯ್‌ನವರ ಕೈಚಳಕವನ್ನು ಇತರರಿಗೆ ಕಲಿಸತೊಡಗಿದಾಗ.

ತಳ ತೆರೆದ ತೊಟ್ಟಿ ಮಲಿಕುವಿನವರ ಏಕಸ್ವಾಮ್ಯವಲ್ಲ. ಕತ್ಸುವೊ ಎಂಬ ಗೆದರೆಯನ್ನು ಹಿಡಿಯುವ ಜಪಾನಿನ ದೋಣಿಗಳಲ್ಲೂ, ಅಲ್ಲಿಂದ ವಲಸೆ ಹೋದವರು ಹವಾಯಿಯಲ್ಲಿ ಕಟ್ಟಿದ ಸಂಪಾನ್ ಎಂಬ ದೋಣಿಗಳಲ್ಲೂ ನೀರು ತೊಟ್ಟಿಗೆ ಬರುತ್ತಿದ್ದುದು ಒಡಲಿನ ತೂತುಗಳ ಮೂಲಕವೇ. ಇಂಗ್ಲೆಂಡಿನ ಹಾರ್ವಿಚ್‌ನಲ್ಲಿ 1712ರಷ್ಟು ಹಿಂದೆಯೇ ಇಂಥ ಕೋಣೆಯ ದೋಣಿಗಳು ಬಂದಿದ್ದವು, ಆದರೆ ಅವು ಒಯ್ಯುತ್ತಿದ್ದುದು ಎರೆಯನ್ನಲ್ಲ, ಪೇಟೆಗೆ ಜೀವಂತ ತಲುಪಬೇಕಾದ ಮೀನನ್ನು.

ತೊಟ್ಟಿ ನೀರಗೆರೆಯಿಂದ ಮೇಲೆದ್ದು ಅಟ್ಟದ ಮೇಲೆ, ಎಂದರೆ ದೋಣಿಯ ಮೇಲ್ಹಾಸಿನ ಮೇಲೆ, ಬಂದು ಕುಳಿತದ್ದು ಕ್ಯಾಲಿಫೋರ್ನಿಯಾದಲ್ಲಿ. 1903ರಲ್ಲಿ ಸ್ಯಾನ್ ಪೆಡ್ರೊದ ಆಲ್ಬರ್ಟ್ ಹಾಫ್‌ಹಿಲ್ ಬಿಳಿಮಾಂಸದ ಆಲ್ಬಕೋರ್ ಗೆದರೆಯನ್ನು ಡಬ್ಬಿಗೆ ತುಂಬಲು ತೊಡಗಿದ ಮೇಲೆ, ಆ ಮೀನಿಗೆ ಏಕಾಏಕಿ ಬೇಡಿಕೆ ಹುಟ್ಟಿತು. ಅದನ್ನು ಪೂರೈಸಿದವರಲ್ಲಿ ಕೋಲು ಗಾಳದ ವಿದ್ಯೆಯನ್ನು ಊರಿನಿಂದ ತಂದಿದ್ದ ಜಪಾನೀಯರು ಮುಖ್ಯರು, ಆಮೇಲೆ ಸ್ಯಾನ್ ಡಿಯೆಗೊದ ಪೋರ್ಚುಗೀಸರು. ಇವರ ದೋಣಿಗಳಲ್ಲಿ ಎಂಜಿನ್ನಿತ್ತು, ಎಂಜಿನ್ ಇದ್ದಲ್ಲಿ ಪಂಪು ಓಡಿಸಬಹುದಿತ್ತು. ಪಂಪು ನೀರನ್ನು ಯಾವ ಎತ್ತರಕ್ಕಾದರೂ ಏರಿಸಬಲ್ಲದು, ತೊಟ್ಟಿಯ ತಳ ನೀರಗೆರೆಯ ಕೆಳಗಿರಬೇಕೆಂಬ ಕಟ್ಟು ಅಲ್ಲಿಗೆ ಸಡಿಲವಾಯಿತು. ಒಡಲನ್ನು ಮಂಜುಗಡ್ಡೆಗೂ ಹಿಡಿದ ಮೀನಿಗೂ ಬಿಟ್ಟುಕೊಟ್ಟು, ತಾರ್ಲೆ ಜಾತಿಯ ಸಾರ್ಡೀನ್ ತುಂಬಿದ ದೊಡ್ಡ ತೊಟ್ಟಿಗಳನ್ನು ದೋಣಿಯ ಹಿಂಭಾಗದ ಅಟ್ಟದ ಮೇಲೆ ಇಡಲಾಯಿತು. 1920ರ ದಶಕದಲ್ಲಿ ಮೆಕ್ಸಿಕೊದಾಚೆಗೆ ಹೋಗತೊಡಗಿದ ಕ್ಲಿಪ್ಪರ್ ಎಂಬ ದೊಡ್ಡ ದೋಣಿಗಳಲ್ಲಿ ಈ ಭಾರವೇ ಉಪಕಾರಿಯೂ ಆಯಿತು: ತುಂಬಿದ ತೊಟ್ಟಿ ಹಿಂಭಾಗವನ್ನು ತಗ್ಗಿಸಿ, ಕಟಕಟೆಯ ಹೊರಗೆ ಇಳಿಬಿಟ್ಟ ಕಬ್ಬಿಣದ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದದ ನೀರಿನಲ್ಲಿ ನಿಂತ ಗಾಳದವರನ್ನು ಕಡಲಿನ ಮಟ್ಟಕ್ಕೇ ತಂದಿತು. ಒಬ್ಬನಿಂದ ಎತ್ತಲಾಗದ ಮೀನು ಬಂದರೆ ಎರಡು ಮೂರು ಕೋಲುಗಳ ದಾರವನ್ನು ಒಂದೇ ಗಾಳಕ್ಕೆ ಕಟ್ಟಿ ಇಬ್ಬರು ಮೂವರು ಒಟ್ಟಿಗೆ ಎತ್ತುತ್ತಿದ್ದರು. 1950ರ ದಶಕದ ಕೊನೆಯಲ್ಲಿ ನೈಲಾನ್ ಬಲೆಯೂ ಅದನ್ನು ಎಳೆಯುವ ಪವರ್ ಬ್ಲಾಕ್ ಎಂಬ ರಾಟೆಯೂ ಬಂದು ಈ ದೋಣಿಗಳ ಕಾಲ ಮುಗಿಯಿತು.

ತೊಟ್ಟಿ ಮಾತ್ರ ಉಳಿಯಿತು, ಮೋಜಿನ ಮೀನುಗಾರರ ದೋಣಿಗಳಲ್ಲಿ. ಕ್ಯಾಲಿಫೋರ್ನಿಯಾದ ಸಾಂತಾ ಕ್ಯಾಟಲಿನಾ ದ್ವೀಪದ ಅವಲಾನ್‌ನಲ್ಲಿ 1898ರಲ್ಲಿ ಚಾರ್ಲ್ಸ್ ಫ್ರೆಡೆರಿಕ್ ಹೋಲ್ಡರ್ ಟ್ಯೂನಾ ಕ್ಲಬ್ ಕಟ್ಟಿದಾಗ ಗಾಳ ಹಾಕುವುದು ಶ್ರೀಮಂತರ ಹವ್ಯಾಸ. ಬಾಡಿಗೆ ತೆತ್ತು ದಿನದ ಮಟ್ಟಿಗೆ ಕಡಲಿಗೆ ಹೋಗುವ ದೋಣಿಗಳು ಬಂದ ಮೇಲೆ ಅದು ಸಾಮಾನ್ಯರದೂ ಆಯಿತು. ಈ ದೋಣಿಗಳು ಕಸುಬುದಾರರ ತೊಟ್ಟಿಯನ್ನು ಹಾಗೆಯೇ ತೆಗೆದುಕೊಂಡವು. ಸ್ಯಾನ್ ಡಿಯೆಗೊದಲ್ಲಿ ಎರೆಯನ್ನು ಮಾರುವವರು ಸಾರ್ಡೀನನ್ನು ಬಂದರಿನಲ್ಲಿ ತೇಲುವ ಪಂಜರಗಳಲ್ಲಿ ಕೂಡಿಟ್ಟಿರುತ್ತಾರೆ, ದೋಣಿ ಹೊರಡುವ ಮುನ್ನ ಅಲ್ಲಿ ನಿಂತು ತೊಟ್ಟಿ ತುಂಬಿಸಿಕೊಳ್ಳುತ್ತದೆ. ಮಲಿಕುವಿನ ಲಗೂನಿನ ಬುಟ್ಟಿಗೂ ಇದಕ್ಕೂ ವ್ಯತ್ಯಾಸ ಗಾತ್ರದಲ್ಲಿ ಮಾತ್ರ.

ತೊಂದರೆ ಮೊದಲಾದದ್ದು ಆರೇಳು ಮೀಟರಿನ ಸಣ್ಣ ದೋಣಿಯವರೂ ಅದೇ ತೊಟ್ಟಿಯನ್ನು ಬಯಸಿದಾಗ. 200 ಲೀಟರ್ ಕಡಲನೀರು ಸುಮಾರು 205 ಕಿಲೋ ತೂಗುತ್ತದೆ, ಎಂದರೆ ಎದ್ದು ಬೇರೆಡೆ ಹೋಗಿ ಕೂರಲಾರದ ಮೂವರು ಆಳುಗಳ ಭಾರ. ಕ್ಲಿಪ್ಪರಿನ ಮಾದರಿಯಲ್ಲಿ ಅದನ್ನು ಹಿಂತುದಿಯ ಹಲಗೆಗೆ ಒತ್ತಿ ಇಟ್ಟರೆ, ಎಂಜಿನ್ನಿನ ಭಾರ ಮೊದಲೇ ಇರುವ ಹಿಂಭಾಗ ಇನ್ನಷ್ಟು ತಗ್ಗಿ, ನೀರು ಹೊರಹೋಗಲೆಂದು ಇಟ್ಟ ತೂತುಗಳಿಂದಲೇ ನೀರು ಒಳಬರುತ್ತದೆ. ಮುಂದಕ್ಕೆ ಇಟ್ಟರೆ ಮೂತಿ ಅಲೆಗೆ ಹೊಡೆಯುವ ಪ್ರತಿ ಪೆಟ್ಟೂ ಎರೆಮೀನಿಗೆ ತಟ್ಟುತ್ತದೆ, ಗಾಳದವನು ಪ್ರತಿ ಎರೆಗೂ ದೋಣಿಯುದ್ದ ನಡೆಯಬೇಕಾಗುತ್ತದೆ. ಎತ್ತರದಲ್ಲಿಟ್ಟರೆ ವಾಲುವ ಭಯ. ಅರೆತುಂಬಿದ ತೊಟ್ಟಿಯಂತೂ ಇನ್ನೂ ಕೆಟ್ಟದ್ದು, ದೋಣಿ ವಾಲಿದ ಕಡೆಗೇ ನೀರೂ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ; ಈ ದೋಷ ತೊಟ್ಟಿಯ ಅಗಲದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ನಡುವೆ ಉದ್ದಕ್ಕೆ ಒಂದು ಗೋಡೆ ಎಬ್ಬಿಸಿದರೂ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಅಂಚಿನವರೆಗೆ ತುಂಬಿ ಮುಚ್ಚಿದರೆ ದೋಣಿಗೂ ಒಳ್ಳೆಯದು, ತುಳುಕಾಟದಲ್ಲಿ ಪೊರೆ ಕಳೆದುಕೊಳ್ಳುವ ಮೀನಿಗೂ ಒಳ್ಳೆಯದು. ಮೂಲೆಯಲ್ಲಿ ಒತ್ತೊತ್ತಾಗಿ ಸೇರಿ ಮೀನು ಸಾಯುವುದನ್ನು ತಪ್ಪಿಸಲು ತೊಟ್ಟಿ ದುಂಡಗೋ ಅಂಡಾಕಾರವಾಗಿಯೋ ಇರಬೇಕೆಂಬುದು ಅಟ್ಟದ ತೊಟ್ಟಿಯ ಅನುಭವ ಕಲಿಸಿದ ಪಾಠ.

ಇವೆಲ್ಲದರ ಒತ್ತಡದಿಂದ ಸಣ್ಣ ದೋಣಿಯ ತೊಟ್ಟಿ ಮತ್ತೆ ಜಾಗ ಬದಲಿಸುತ್ತಿದೆ. ಕೆಲವು ದೋಣಿಗಳಲ್ಲಿ ಅದು ಚುಕ್ಕಾಣಿ ಹಿಡಿದವನು ಒರಗಿ ನಿಲ್ಲುವ ಆಸರೆಯ ಕೆಳಗೆ, ಕೆಲವುಗಳಲ್ಲಿ ನೆಲಹಾಸಿನ ಒಳಗೆ, ಒಟ್ಟಿನಲ್ಲಿ ಭಾರಕೇಂದ್ರಕ್ಕೆ ಆದಷ್ಟು ಹತ್ತಿರವಾಗಿ, ಕೆಳಗೆ, ನಡುವೆ ಇರುತ್ತದೆ, ಎಂದರೆ ಮಾಸ್ ಓಡಿಯ ತೊಟ್ಟಿ ಇದ್ದೆಡೆಗೇ ಬಹುಪಾಲು ಮರಳಿದೆ. ನೀರು ಮಾತ್ರ ಇನ್ನೂ ಪಂಪಿನಿಂದಲೇ ಬರುತ್ತದೆ, ಪಂಪು ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ಕೈಕೊಟ್ಟ ದಿನ ತೊಟ್ಟಿಯ ಸಾರ್ಡೀನು ಕೆಲವೇ ನಿಮಿಷಗಳಲ್ಲಿ ಮೇಲೆ ತೇಲುತ್ತದೆ, ದೋಣಿಯಲ್ಲಿರುವವರು ಬಕೀಟು ಹಿಡಿದು ಮೊಗೆಯಲು ಕೂರುತ್ತಾರೆ.