ಒಂದು ತಲಾಂತಿನ ಆಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಜಯನಗರದಿಂದ ದೂರವಾಣಿ ಕರೆ ಮಾಡಿದ್ದಳು. ಅವಳ ಮಗ ಈಗ ಐದನೆಯ ತರಗತಿ. ಬುದ್ಧಿವಂತ, ಆದರೆ ಬಲು ಸೋಮಾರಿ ಎಂಬುದು ತಾಯಿಯ ದೂರು. ಶಾಲೆಯಲ್ಲಿ ಶ್ರಮದ ಮಹತ್ವವನ್ನು ಕುರಿತು ಪ್ರತಿಯೊಬ್ಬರೂ ಒಂದು ಕಥೆ ಹೇಳಬೇಕಂತೆ. ಬೈಬಲ್ಲಿನ ಕಥೆಯಾದರೆ ಇನ್ನೂ ಒಳ್ಳೆಯದೆಂದು ಅಲ್ಲಿಯ ಶಿಕ್ಷಕಿ ಸೂಚಿಸಿದ್ದಾರಂತೆ. "ನೀವು ನಮಗೆ ಒಂದು ಕಥೆ ಹೇಳಿದ್ರಲ್ಲ ಸಾರ್, ದುಡ್ಡು ಹೂತಿಟ್ಟವನದು, ಅದನ್ನೇ ಇನ್ನೊಂದು ಸಲ ಹೇಳಿ, ಬರೆದುಕೊಳ್ತೀನಿ" ಎಂದಳು. ಹೇಳಿದೆ. ಅವಳು ಬರೆದುಕೊಂಡಳು. ಫೋನು ಕೆಳಗಿಟ್ಟ ಮೇಲೆ ಮಾತ್ರ ಮನಸ್ಸು ಸುಮ್ಮನಾಗಲಿಲ್ಲ. ಆ ಕಥೆಯನ್ನು ನಾನು ಮೊದಲ ಬಾರಿ ತರಗತಿಯಲ್ಲಿ ಹೇಳಿದ ದಿನ ನಡೆದದ್ದು ಅವಳಿಗೆ ನೆನಪಿದ್ದಂತಿಲ್ಲ. ನನಗೆ ಚೆನ್ನಾಗಿ ನೆನಪಿದೆ.

ಮೊದಲು ಕಥೆ. ಇದು ಮತ್ತಾಯನು ಬರೆದ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುತ್ತದೆ. ದೂರದ ಪ್ರಯಾಣಕ್ಕೆ ಹೊರಟ ಯಜಮಾನನೊಬ್ಬನು ತನ್ನ ಮೂವರು ಆಳುಗಳನ್ನು ಕರೆದು, ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತು ಹಣವನ್ನು ಒಪ್ಪಿಸುತ್ತಾನೆ. ಮೊದಲಿನ ಇಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ನೆಲವನ್ನಗೆದು ಹೂತಿಡುತ್ತಾನೆ. ಬಹುಕಾಲದ ನಂತರ ಯಜಮಾನ ಹಿಂದಿರುಗಿ ಲೆಕ್ಕ ಕೇಳಿದಾಗ, ದುಡಿಸಿದವರಿಗೆ ಮನ್ನಣೆ. ಹೂತಿಟ್ಟವನಿಗೆ ಸೋಮಾರಿಯೆಂಬ ಬೈಗುಳ. ಅವನ ಕೈಯಲ್ಲಿದ್ದ ಒಂದನ್ನೂ ಕಿತ್ತು ಹತ್ತು ಇದ್ದವನಿಗೆ ಕೊಡಲಾಗುತ್ತದೆ; ಅವನನ್ನು ಹೊರಗಿನ ಕತ್ತಲೆಗೆ ದಬ್ಬಲಾಗುತ್ತದೆ.

ಉಪಾಧ್ಯಾಯರಾದವರಿಗೆ ಇದಕ್ಕಿಂತ ಅನುಕೂಲವಾದ ಕಥೆ ಇನ್ನಾವುದಿದೆ? ಇಂಗ್ಲಿಷಿನಲ್ಲಿ ಪ್ರತಿಭೆಗೆ 'ಟ್ಯಾಲೆಂಟ್' ಎಂಬ ಪದ ಬಂದದ್ದೇ ಈ ಕಥೆಯಿಂದ. ಮೂಲದಲ್ಲಿ ಅದು ತೂಕದ ಹೆಸರು, ಗ್ರೀಕರ 'ತಲಾಂತೋನ್'. ನಮ್ಮ ಕನ್ನಡ ಬೈಬಲ್ಲಿನಲ್ಲಿ ಅದು 'ತಲಾಂತು' ಎಂದೇ ಉಳಿದುಕೊಂಡಿದೆ.

ಈ ಕಥೆ ಕನ್ನಡಕ್ಕೆ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ, ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರೂ ಸ್ಥಳೀಯ ವಿದ್ವಾಂಸರ ನೆರವಿನಿಂದ ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಅದೇ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಹೆಸರು ದಾಖಲಾದವರು ದೊರೆಗಳು. ಪಕ್ಕದಲ್ಲಿ ಕುಳಿತು ಪದ ಹುಡುಕಿಕೊಟ್ಟ ಪಂಡಿತರ ಹೆಸರುಗಳನ್ನು ನಾವು ಕೇಳಿಯೇ ಇಲ್ಲ. ಇದು ನನ್ನ ಹಳೆಯ ಅಸಮಾಧಾನ, ಇರಲಿ.

ಆದರೆ ಶ್ರಮದ ವಿಷಯಕ್ಕೆ ಬಂದರೆ ನಾವು ಬಳ್ಳಾರಿಯಿಂದ ಮಂಗಳೂರಿಗೆ ಇಳಿಯಬೇಕು. 1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯಲ್ಲಿ ದಾರಿ ತೆರೆಯಿತು. ಮರುವರ್ಷವೇ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ನಿನವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಹಳ್ಳಿ ಪಟ್ಟಣಗಳ ಕುಶಲಕರ್ಮಿಗಳ, ರೈತರ ಮನೆಯವರು. ಪ್ರಾರ್ಥನೆಯೂ ಕೈಗೆಲಸವೂ ಅವರಿಗೆ ಬೇರೆಬೇರೆಯಲ್ಲ. ಕೆಲಸದ ಮೇಲಿನ ಇಂಥ ಧಾರ್ಮಿಕ ನಿಷ್ಠೆಯನ್ನು ಕುರಿತು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಸಿದ್ಧವಾದ ಪ್ರಬಂಧವನ್ನೇ ಬರೆದನು. ತಲಾಂತಿನ ಕಥೆಗೆ ಅಂಥವರ ನಡುವೆ ಎಷ್ಟು ಗೌರವವಿದ್ದೀತೆಂದು ನೀವೇ ಊಹಿಸಬಹುದು.

ಇಷ್ಟಾದರೂ ಮಂಗಳೂರಿನಲ್ಲಿ ಅವರಿಗೆ ಎದುರಾದ ಸಮಸ್ಯೆ ಸೋಮಾರಿತನದ್ದಾಗಿರಲಿಲ್ಲ. ಕ್ರೈಸ್ತರಾದ ಕುಟುಂಬಗಳು ಜಾತಿಯಿಂದ ಹೊರಬಿದ್ದೊಡನೆ ಬದುಕಿನ ದಾರಿಯನ್ನೂ ಕಳೆದುಕೊಳ್ಳುತ್ತಿದ್ದವು. ಅವರಲ್ಲಿ ಅನೇಕರು ಬಿಲ್ಲವರು; ಶೇಂದಿ ಇಳಿಸುವುದು ಅವರ ಕಸುಬು. ಆ ಕಸುಬು ಕ್ರೈಸ್ತರಿಗೆ ತಕ್ಕುದಲ್ಲವೆಂದು ಮಿಷನ್ನೇ ಹೇಳಿತು. ಅತ್ತ ಗೇಣಿಯ ಭೂಮಿಯೂ ಹೋಯಿತು, ಇತ್ತ ಮರ ಹತ್ತುವಂತೆಯೂ ಇಲ್ಲ. ಹೊಲೆಯೂರಿ ದುಡಿಯಬಲ್ಲ ಗಟ್ಟಿಮುಟ್ಟಾದ ಜನ ಕೈಕಟ್ಟಿ ಕೂರಬೇಕಾಯಿತು. ಇಂಥವರ ಮುಂದೆ ಶ್ರಮಶೀಲತೆಯ ಉಪದೇಶ ಮಾಡಿದರೆ ಏನು ಫಲ? ಕೆಲಸವನ್ನೇ ಹುಟ್ಟಿಸಿಕೊಡಬೇಕಾಗಿತ್ತು.

ಬೇಸಾಯ, ಬಡಗಿ ಕೆಲಸ, ಗಡಿಯಾರ ರಿಪೇರಿ ಹೀಗೆ ಏನೇನನ್ನೋ ಪ್ರಯತ್ನಿಸಿದರು; ಹಲವು ಕೈಗೂಡಲಿಲ್ಲ. 1841ರಲ್ಲಿ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದರ ಜುಲೈ 1ರ ನೆನಪಿಗಾಗಿಯೇ ನಮ್ಮಲ್ಲಿ ಪತ್ರಿಕಾ ದಿನಾಚರಣೆ ನಡೆಯುವುದು. ನೇಯ್ಗೆ ಕೈಹಿಡಿಯಿತು. 1851ರಲ್ಲಿ ಬಂದ ಹಾಲರ್ ಎಂಬ ನುರಿತ ನೇಕಾರನು ಸುಧಾರಿಸಿದ ಮಗ್ಗಗಳನ್ನು ಹೂಡಿದನು. ಪೊಲೀಸರೂ ಸೈನಿಕರೂ ತೊಡುವ ಖಾಕಿ ಬಣ್ಣದ ಬಟ್ಟೆಯೂ ಆ ನೇಯ್ಗೆ ಶಾಲೆಯಲ್ಲಿ ತಯಾರಾಗುತ್ತಿತ್ತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. 'ಮಂಗಳೂರು ಹೆಂಚು' ಎಂಬ ಮಾತು ಹುಟ್ಟಿದ್ದು ಹಾಗೆ. ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದಿರುವ ಹೆಂಚಿನ ಮನೆಗಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕೆಲಸ ಕಳೆದುಕೊಂಡವರಿಗೆ ಅನ್ನ ಕೊಡಲೆಂದು ಹುಟ್ಟಿದ ಉದ್ಯಮ ಎಷ್ಟು ಸೂರುಗಳನ್ನು ಹೊದಿಸಿತು!

ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಪದೇ ಪದೇ ಹೇಳಿ ನಿಮ್ಮನ್ನು ಬೇಸರಪಡಿಸಿದ್ದೇನೆ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದವರು. 1862ರಲ್ಲಿ 'ಕಥಾಮಾಲೆ'ಯನ್ನು ಬರೆದರು. ಅದು ಕ್ರಿಸ್ತನ ಚರಿತ್ರೆ, ಆದರೆ ನಮ್ಮ ಛಂದಸ್ಸಿನಲ್ಲಿ. ಗಮಕಿಗಳ ಓದನ್ನು ಕೇಳಿ ಬೆಳೆದ ಜನಕ್ಕೆ ಕಥೆಯನ್ನು ಹೇಗೆ ಮುಟ್ಟಿಸಬೇಕೆಂಬುದು ಅವರಿಗೆ ತಿಳಿದಿತ್ತು. ಆಮೇಲೆ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸು. ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು, ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಸುಗ್ಗಿಯ ಹೊಲದಲ್ಲಿ ಹಕ್ಕಲು ಆಯುವವರಂತೆ ಹಳಗನ್ನಡ ಕಾವ್ಯಗಳಿಂದಲೂ, ಜನರ ಬಾಯಿಂದಲೂ, ಗಾದೆಗಳಿಂದಲೂ ಒಂದೊಂದಾಗಿ ಆಯ್ದ ಪದಗಳವು. ನಿಘಂಟಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆ ಬರಿದೆ ಕಣ್ಣಾಡಿಸಿ ನೋಡಿ, ಶ್ರದ್ಧೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನನ್ನ ತರಗತಿಗೆ ಬರುತ್ತೇನೆ.

ತೊಂಬತ್ತರ ದಶಕದ ಮಾತು. ಶಾಲೆಯ ಹೆಸರು ಬೇಡ, ಓದುವವರಿಗೆ ಗೊತ್ತಿದೆ. ನೀತಿಬೋಧೆಯ ಅವಧಿಯನ್ನು ತೆಗೆದುಕೊಳ್ಳುತ್ತಿದ್ದ ಕ್ರೈಸ್ತ ಸಹೋದ್ಯೋಗಿಯೊಬ್ಬರು ಹೆರಿಗೆ ರಜೆಯ ಮೇಲಿದ್ದುದರಿಂದ ಸೋಮವಾರದ ಮೊದಲ ಅವಧಿ ನನ್ನ ಪಾಲಿಗೆ ಬಂದಿತ್ತು. ಅವರು ಬಿಟ್ಟುಹೋಗಿದ್ದ ಟಿಪ್ಪಣಿ ಪುಸ್ತಕದಲ್ಲಿ ಆ ವಾರಕ್ಕೆ ಇದ್ದದ್ದು ತಲಾಂತಿನ ಕಥೆ. ಒಂಬತ್ತನೆಯ ತರಗತಿ. ಮಕ್ಕಳಿಗೆ ಸುಲಭವಾಗಲೆಂದು ನಾನು ತಲಾಂತು ಎನ್ನದೆ 'ನಾಣ್ಯ' ಎಂದೆ. ಐದು ನಾಣ್ಯ, ಎರಡು ನಾಣ್ಯ, ಒಂದು ನಾಣ್ಯ. ಕಥೆ ಮುಗಿಸಿ, ಕೊನೆಯ ಬೆಂಚಿನ ಹುಡುಗನೊಬ್ಬನ ಕಡೆ ನೋಡಿ, "ನಮ್ಮಲ್ಲೂ ಕೆಲವರು ಹೂತಿಟ್ಟವರಿದ್ದಾರೆ" ಎಂದೆ. ಆ ಹುಡುಗ ಎರಡು ವಾರಗಳಿಂದ ಮನೆಗೆಲಸ ಮಾಡಿ ತಂದಿರಲಿಲ್ಲ. ಮಧ್ಯಾಹ್ನದ ಅವಧಿಗಳಲ್ಲಿ ತೂಕಡಿಸುತ್ತಿದ್ದ. ತರಗತಿ ನಕ್ಕಿತು. ಹುಡುಗ ಎದ್ದುನಿಂತ.

"ಸಾರ್, ಒಂದೇ ಒಂದು ಇದ್ದವನ ಹತ್ರ ಕಿತ್ಕೊಂಡು ಹತ್ತು ಇದ್ದವನಿಗೆ ಯಾಕೆ ಸಾರ್ ಕೊಟ್ರು?"

ಉದ್ಧಟತನವೆಂದು ನಾನು ತಿಳಿದೆ. "ಕೂತ್ಕೊ" ಎಂದೆ. ಕೂತ.

ಎರಡು ದಿನಗಳ ಮೇಲೆ ಅವನ ನೆರೆಮನೆಯ ಹುಡುಗನೊಬ್ಬ ಹೇಳಿದ. ತಂದೆ ದುಡಿಯುತ್ತಿದ್ದ ಗಿರಣಿ ಮುಚ್ಚಿ ಏಳೆಂಟು ತಿಂಗಳಾಗಿತ್ತು. ಆತ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಮಾಗಡಿ ರಸ್ತೆಯಲ್ಲಿ ಗಾರೆ ಕೆಲಸದವರು ಕೂಲಿಗಾಗಿ ನಿಲ್ಲುವ ಜಾಗದಲ್ಲಿ ನಿಲ್ಲುತ್ತಿದ್ದ. ಮಗ ಶಾಲೆ ಬಿಟ್ಟ ಮೇಲೆ ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ಕೆಲಸ ಮಾಡುತ್ತಿದ್ದ. ತರಗತಿಯ ನಲವತ್ತು ಮಕ್ಕಳಲ್ಲಿ ದಿನಕ್ಕೆ ಅತ್ಯಂತ ಹೆಚ್ಚು ಹೊತ್ತು ದುಡಿಯುತ್ತಿದ್ದವನನ್ನು ಆರಿಸಿ ನಾನು ಸೋಮಾರಿ ಎಂದಿದ್ದೆ.

ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿಸುತ್ತಾರೆ, ಉದ್ದೇಶ, ಪೀಠಿಕೆ, ಮಂಡನೆ, ಮೌಲ್ಯಮಾಪನ. ಮಗುವಿನ ಪ್ರಶ್ನೆಯೇ ಸರಿಯಾಗಿದ್ದರೆ ಏನು ಮಾಡಬೇಕೆಂಬುದಕ್ಕೆ ಆ ಕೋಷ್ಟಕದಲ್ಲಿ ಕಾಲಂ ಇಲ್ಲ.

ಆ ಶನಿವಾರ ಗ್ರಂಥಾಲಯದಲ್ಲಿ ಕುಳಿತು ಬೈಬಲ್ಲನ್ನೂ ಅದರ ವ್ಯಾಖ್ಯಾನವೊಂದನ್ನೂ ಓದಿದೆ. ತಿಳಿದದ್ದು ಇಷ್ಟು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಎಂದರೆ ಅಂದಿನ ಕೂಲಿಯವನ ಒಂದು ದಿನದ ಸಂಬಳ. ವರ್ಷಕ್ಕೆ 300 ದಿನ ದುಡಿದರೆ 20 ವರ್ಷದ ಸಂಪಾದನೆ! ಆ ಮೂರನೆಯ ಆಳು ಬಡವನೇ ಅಲ್ಲ; ಇಪ್ಪತ್ತು ವರ್ಷದ ಕೂಲಿಯನ್ನು ಕೈಯಲ್ಲಿ ಹಿಡಿದಿದ್ದವನು. 'ಒಂದು ನಾಣ್ಯ' ಎಂದು ಸರಳಗೊಳಿಸಿ ನಾನು ಕಥೆಯನ್ನೇ ಕೆಡಿಸಿದ್ದೆ. ಇನ್ನೊಂದು ಸಂಗತಿ, ಹಣವನ್ನು ನೆಲದಲ್ಲಿ ಹೂಳುವುದು ಅಂದಿನ ಯೆಹೂದ್ಯರಲ್ಲಿ ಮೂರ್ಖತನವೆನಿಸಿರಲಿಲ್ಲ. ಒತ್ತೆಯಿಟ್ಟ ಹಣಕ್ಕೆ ಅದೇ ಭದ್ರವಾದ ರಕ್ಷಣೆಯೆಂದು ಅವರ ತಾಲ್ಮುಡ್ ಹೇಳುತ್ತದೆ. ಲೂಕನ ಸುವಾರ್ತೆಯಲ್ಲಿ ಇಂಥದೇ ಕಥೆ ಇದೆ, ಅಲ್ಲಿ ಹತ್ತು ಮಂದಿ ಆಳುಗಳಿಗೂ ಸಮನಾಗಿ ಒಂದೊಂದು ಪಾಲು. ಅಲ್ಲಿಯೂ ಕೊನೆಗೆ ಒಬ್ಬನಿಂದ ಕಿತ್ತು ಹತ್ತು ಇದ್ದವನಿಗೆ ಕೊಡುವಾಗ, ಅವನ ಬಳಿ ಆಗಲೇ ಹತ್ತು ಇದೆಯಲ್ಲಾ ಎಂದು ಸುತ್ತ ನಿಂತವರು ಆಕ್ಷೇಪಿಸುತ್ತಾರೆ. ಇದನ್ನು ಓದಿ ನಾನು ಬೆರಗಾದೆ. ನಮ್ಮ ಕೊನೆಯ ಬೆಂಚಿನ ಹುಡುಗ ಕೇಳಿದ ಪ್ರಶ್ನೆ ಎರಡು ಸಾವಿರ ವರ್ಷ ಹಿಂದೆಯೇ ಗ್ರಂಥದೊಳಗೆ ದಾಖಲಾಗಿತ್ತು.

ನಮ್ಮ ಆಯ್ದಕ್ಕಿ ಮಾರಯ್ಯನೂ ಅಂದು ನೆನಪಾದ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಅವನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದನೆಂದು ಹೆಂಡತಿ ಲಕ್ಕಮ್ಮ ಅವನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಕಳಿಸುತ್ತಾಳೆ. ತಲಾಂತಿನ ಯಜಮಾನ ಇಮ್ಮಡಿಯಾಗಲಿ ಎನ್ನುತ್ತಾನೆ. ಲಕ್ಕಮ್ಮ ಇಂದಿಗೆ ಸಾಕು ಎನ್ನುತ್ತಾಳೆ. ದುಡಿಮೆಯನ್ನು ಇಬ್ಬರೂ ಹೊಗಳುವವರೇ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಮಕ್ಕಳಿಗೆ ಹೇಳುವುದು ಕಷ್ಟ. ನನಗೆ ಆಯ್ಕೆ ಕೊಟ್ಟರೆ ಲಕ್ಕಮ್ಮನ ಕಡೆಗೇ ವಾಲುತ್ತೇನೆ. ಬಸವೇಶ್ವರನಗರದಲ್ಲಿ ಇಷ್ಟು ವರ್ಷ ವಾಸವಾಗಿದ್ದಕ್ಕೆ ಅಷ್ಟಾದರೂ ಬೇಡವೇ?

ಮುಂದಿನ ಸೋಮವಾರ ಮತ್ತಾಯನದೇ 20ನೆಯ ಅಧ್ಯಾಯದ ಬೇರೊಂದು ಕಥೆಯನ್ನು ಹೇಳಿದೆ. ದ್ರಾಕ್ಷಿತೋಟದ ಒಡೆಯನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗಿ ದಿನಕ್ಕೆ ಒಂದು ದಿನಾರಿಯಂತೆ ಕೂಲಿಯಾಳುಗಳನ್ನು ಗೊತ್ತುಮಾಡುತ್ತಾನೆ. ಮತ್ತೆ ಮೂರನೆಯ ತಾಸಿಗೆ, ಆರನೆಯ, ಒಂಬತ್ತನೆಯ ತಾಸಿಗೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಹನ್ನೊಂದನೆಯ ತಾಸಿಗೆ ಹೋದಾಗಲೂ ಕೆಲವರು ಅಲ್ಲೇ ನಿಂತಿರುತ್ತಾರೆ. ದಿನವೆಲ್ಲ ಸುಮ್ಮನೆ ಏಕೆ ನಿಂತಿದ್ದೀರಿ ಎಂದರೆ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಅವನು ಅವರನ್ನು ಸೋಮಾರಿಗಳೆಂದು ಬೈಯುವುದಿಲ್ಲ. ತೋಟಕ್ಕೆ ಕಳಿಸುತ್ತಾನೆ, ಸಂಜೆ ಬೆಳಗಿನಿಂದ ದುಡಿದವರಿಗೆ ಕೊಟ್ಟ ಅದೇ ಒಂದು ದಿನಾರಿಯನ್ನು ಅವರಿಗೂ ಕೊಡುತ್ತಾನೆ. ಮನೆಯಲ್ಲಿ ಒಲೆ ಹೊತ್ತಲು ಒಂದು ದಿನಕ್ಕೆ ಬೇಕಾದಷ್ಟು.

ಹೋದ ವಾರ ನಾನು ಕಥೆಯನ್ನು ತಪ್ಪಾಗಿ ಹೇಳಿದ್ದೆನೆಂದೂ, ಕೇಳಿದ ಪ್ರಶ್ನೆ ಸರಿಯಾಗಿತ್ತೆಂದೂ ತರಗತಿಯ ಮುಂದೆ ಒಪ್ಪಿಕೊಂಡೆ. ನಾಲಗೆ ತಡವರಿಸಿತು. ಯಾರೂ ನಗಲಿಲ್ಲ. ಆ ಹುಡುಗ ತಲೆ ತಗ್ಗಿಸಿಯೇ ಇದ್ದ. ಗಂಟೆ ಹೊಡೆದು ನಾನು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟಾಗ ಓಣಿಯಲ್ಲಿ ಹಿಂದಿನಿಂದ ಬಂದ.

"ಸಾರ್, ಹನ್ನೊಂದನೇ ತಾಸು ಅಂದ್ರೆ ಬೆಳಗ್ಗೆ ಹನ್ನೊಂದು ಗಂಟೇನಾ?"

"ಇಲ್ಲಪ್ಪ. ಅವರ ಲೆಕ್ಕ ಸೂರ್ಯೋದಯದಿಂದ. ನಮ್ಮ ಗಡಿಯಾರದಲ್ಲಿ ಸಾಯಂಕಾಲ ಐದು."

ಸ್ವಲ್ಪ ಹೊತ್ತು ಯೋಚಿಸಿದ.

"ನಮ್ಮಪ್ಪ ಹನ್ನೊಂದಕ್ಕೇ ಮನೆಗೆ ಬಂದ್ಬಿಡ್ತಾರೆ ಸಾರ್. ಆಮೇಲೆ ಯಾರೂ ಕರಿಯಲ್ವಂತೆ. ಐದು ಗಂಟೆ ತನಕ ನಿಂತ್ಕೊಳ್ಳಿ ಅಂತ ಹೇಳ್ಲಾ?"