ಮಾರ್ಮನ್ನರ ವಂಶಾವಳಿಯೂ ಹೆಳವರ ಹೊತ್ತಗೆಯೂ

ಭಾರತದಲ್ಲಿನ ಮಾರ್ಮನ್ನರ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ನೆಚ್ಚಿಕೊಂಡದ್ದು ಮಿಷನರಿಗಳ ದಿನಚರಿ, ಪತ್ರಗಳನ್ನು. ಹೀಗಾಗಿ ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು ಎಂಬ ಲೆಕ್ಕದ ಸುತ್ತಲೇ ಅದು ಗಿರಕಿ ಹೊಡೆಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಕೋಲಾರ ಜಿಲ್ಲೆಯ ಯಲ್ದೂರು, ಶ್ರೀನಿವಾಸಪುರ, ಮುಳಬಾಗಿಲು ಸೀಮೆಗೆ ಜಾಗವಿಲ್ಲ. ಆದರೆ ಲೆಕ್ಕ ಬಿಟ್ಟು, ಸತ್ತವರ ಹೆಸರುಗಳ ಬಗ್ಗೆ ಈ ಪಂಥಕ್ಕಿರುವ ಕಾಳಜಿಯ ಕಡೆಯಿಂದ ನೋಡಿದರೆ, ನಮ್ಮ ಹಳ್ಳಿಗಳಿಗೂ ಇದರಲ್ಲಿ ಪಾಲಿದೆ.

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ 'ಬುಕ್ ಆಫ್ ಮಾರ್ಮನ್' ಪ್ರಕಟಿಸಿ ತನ್ನ ಸಭೆಯನ್ನು ಕಟ್ಟಿದ. 1844ರಲ್ಲಿ ಉದ್ರಿಕ್ತ ಗುಂಪು ಅವನನ್ನು ಕೊಂದಿತು. ಅನುಯಾಯಿಗಳಲ್ಲಿ ಹೆಚ್ಚಿನವರು ಯೂಟಾಕ್ಕೆ ವಲಸೆ ಹೋದರು. 1852ರ ಆಗಸ್ಟಿನಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ನಡೆದ ಸಮ್ಮೇಳನ ಎರಡು ಕೆಲಸ ಮಾಡಿತು. ಹಿಂದೂಸ್ತಾನಕ್ಕೆ ಒಂಬತ್ತು ಮಂದಿಯನ್ನು ನೇಮಿಸಿತು. ತಮ್ಮಲ್ಲಿ ಬಹುಪತ್ನಿತ್ವ ಉಂಟೆಂದು ಲೋಕಕ್ಕೆ ಸಾರಿತು. ಮೊದಲನೆಯದರ ಬುಡಕ್ಕೆ ಎರಡನೆಯದೇ ಕೊಡಲಿಯಾಯಿತು. ಕಂಪನಿ ಸರ್ಕಾರದ ಬಿಳಿಯರು, ಅದರಲ್ಲೂ ಪಾದ್ರಿಗಳು, ಆ ಸುದ್ದಿ ಹಿಡಿದೇ ಇವರಿಗೆ ಬಾಗಿಲು ಮುಚ್ಚಿದರು.

ಮದ್ರಾಸಿಗೆ ಬಂದವರ ಮುಂದಾಳು ಸ್ಕಾಟ್ಲೆಂಡ್ ಮೂಲದ ರಿಚರ್ಡ್ ಬ್ಯಾಲಂಟೈನ್. 1849ರಲ್ಲಿ ಸಾಲ್ಟ್ ಲೇಕಿನ ಮೊದಲ ಭಾನುವಾರದ ಶಾಲೆ ತೆರೆದವನು ಅವನೇ. 1853ರ ಜುಲೈಯಲ್ಲಿ ಮದ್ರಾಸು ಸೇರಿ, ಮರುವರ್ಷ ಇಂಗ್ಲಿಷಿನಲ್ಲೊಂದು ಮಾಸಪತ್ರಿಕೆ ಹೊರಡಿಸಿ, ಅದೇ ವರ್ಷ ಮದ್ರಾಸು ಬಿಟ್ಟ. ಕೈಯಲ್ಲಿ ಕಾಸಿಲ್ಲದೆ ಹೋಗಿ ಜನ ಕೊಟ್ಟದ್ದರಲ್ಲಿ ಬದುಕಬೇಕೆಂಬುದು ಇವರ ನಿಯಮ. ಜಂಗಮರಿಗೂ ದಾಸಯ್ಯಗಳಿಗೂ ಭಿಕ್ಷೆ ಹಾಕುವ ನಾಡಿಗೆ ಇದು ಹೊಸದಲ್ಲ. ಆದರೆ ಇವರು ಕೈಯೊಡ್ಡಿದ್ದು ಬಹುಪಾಲು ದಂಡಿನ ಬಿಳಿಯರ ಮುಂದೆ, ಮತ್ತು ಬಿಳಿಯನೊಬ್ಬ ಬೇಡುವುದು ಆ ಜನಕ್ಕೆ ಮಾನದ ಪ್ರಶ್ನೆಯಾಗಿತ್ತು. ಇದಕ್ಕಿಂತ ದೊಡ್ಡ ತೊಡಕು, ನಂಬಿದವರೆಲ್ಲ ಯೂಟಾದಲ್ಲಿ ಒಂದುಗೂಡಬೇಕೆಂಬ ಬೋಧನೆ. ಹೊಲ, ಕೆರೆ, ಕುಲಕ್ಕೆ ಅಂಟಿಕೊಂಡ ರೈತನಿಗೆ ಇದು ಧರ್ಮದ ಮಾತಾಗಿ ಅಲ್ಲ, ಊರು ಬಿಡುವ ಮಾತಾಗಿ ಕೇಳಿಸಿರಬೇಕು.

ಇದಕ್ಕೆ ವಿರುದ್ಧವಾಗಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕನ್ನಡ ಕಲಿತು, ಶಾಲೆ, ಅಚ್ಚುಕೂಟ ನಡೆಸಿ ನೆಲೆಯೂರಿತು. ಕೋಲಾರದಲ್ಲಿ 1876-78ರ ಬರದ ಅನಾಥ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟೀ ಅವರ ಕೆಲಸ 1890ರಲ್ಲಿ ಅಮೆರಿಕನ್ ಮೆಥಡಿಸ್ಟರ ಕೈಸೇರಿತು. ಅವರ ಇಟಿಸಿಎಂ ಆಸ್ಪತ್ರೆಯ ಹೆಸರು ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಮಾರ್ಮನ್ನರು ಅಷ್ಟು ಕಾಲ ಕಾಯಲಿಲ್ಲ. 1856ರ ಹೊತ್ತಿಗೆ ಗಂಟುಮೂಟೆ ಕಟ್ಟಿದ್ದರು.

ಎರಡನೆಯ ಅಧ್ಯಾಯ ತೀರ ಬೇರೆ. ಸಮೋವಾ ದ್ವೀಪದಲ್ಲಿ ಈ ಸಭೆ ಸೇರಿದ್ದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ದಂಪತಿ 1978ರಲ್ಲಿ ಹೈದರಾಬಾದಿಗೆ ಬಂದಾಗ ಅವರ ನೆಂಟರು 22 ಮಂದಿ ದೀಕ್ಷೆ ಪಡೆದರು. ಅಂದರೆ ಪಂಥ ಹಬ್ಬಿದ್ದು ಬೀದಿಯ ಪ್ರವಚನದಿಂದಲ್ಲ, ಬೀಗರು ಬಿಜ್ಜರ ಮೂಲಕ. 'ಬುಕ್ ಆಫ್ ಮಾರ್ಮನ್'ನ ಆಯ್ದ ಭಾಗಗಳು 1982ರಲ್ಲಿ ತೆಲುಗಿಗೆ ಬಂದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ನಮ್ಮ ಗಡಿಸೀಮೆಯ ಬಹಳಷ್ಟು ಮನೆಗಳಿಗೆ ಅದು ಓದಿ ಹೇಳಿದರೆ ತಿಳಿಯುವ ಮಾತು. 1993ರಲ್ಲಿ ಬೆಂಗಳೂರು ಮಿಷನ್ ಶುರುವಾಯಿತು. ಅದರ ಮೊದಲ ಅಧ್ಯಕ್ಷ ಪಂಜಾಬಿನಲ್ಲಿ ಹುಟ್ಟಿದ ಗಣಿತಜ್ಞ ಗುರುಚರಣ್ ಸಿಂಗ್ ಗಿಲ್. ಬೆಂಗಳೂರಿಗೆ ಮಂದಿರ ಘೋಷಣೆಯಾದದ್ದು 2018ರಲ್ಲಿ.

ಮಂದಿರವೆಂದರೆ ಭಾನುವಾರದ ಪ್ರಾರ್ಥನೆಯ ಜಾಗವಲ್ಲ. ಸತ್ತ ಹಿರಿಯರ ಪರವಾಗಿ ಬದುಕಿರುವವರು ಅಲ್ಲಿ ದೀಕ್ಷಾಸ್ನಾನ ಮಾಡುತ್ತಾರೆ. ಸ್ಮಿತ್ ಇದನ್ನು 1840ರಲ್ಲಿ ಬೋಧಿಸಿದ. ಹಿರಿಯರ ಹೆಸರು ಗೊತ್ತಿಲ್ಲದೆ ಈ ಕರ್ಮ ನಡೆಯದು. ಯೂಟಾದ ವಂಶಾವಳಿ ಸಂಘ 1894ರಲ್ಲಿ ಹುಟ್ಟಿದ್ದು ಅದಕ್ಕೇ. ಹರಿದ್ವಾರದ ತೀರ್ಥಪುರೋಹಿತರಾದ ಪಂಡರು ಇಟ್ಟ ವಂಶಾವಳಿಯ ವಹಿಗಳನ್ನೂ ಈ ಸಂಘ ಮೈಕ್ರೋಫಿಲ್ಮಿಗೆ ಇಳಿಸಿತು. ಶ್ರಾದ್ಧಕ್ಕೆ ಮೂರು ತಲೆಮಾರಿನ ಹೆಸರು ಸಾಕು, ಹಿರಿಯರ ಹಬ್ಬದಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಾಕುವವರಿಗೆ ಅಷ್ಟೂ ಬೇಡ. ಮಾರ್ಮನ್ನರಿಗೆ ಮಾತ್ರ ಸಿಕ್ಕಷ್ಟೂ ಹಿಂದಕ್ಕೆ ಹೋಗಬೇಕು.

ಕರ್ನಾಟಕದಲ್ಲಿ ಅಷ್ಟು ಹಿಂದಕ್ಕೆ ಹೋಗಬಲ್ಲವರು ಹೆಳವರು. ಸುಗ್ಗಿಯ ಮೇಲೆ ಬಂದು, ಒಕ್ಕಲಿನ ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಕುಲ ಕೊಂಡಾಡಿ ಕಾಳುಕಡಿ ಪಡೆಯುತ್ತಾರೆ. ತೆಲುಗು ಸೀಮೆಯಲ್ಲಿ ಪಿಚ್ಚಗುಂಟ್ಲರ ಕಸುಬೂ ಇದೇ. ಹೆಳವನ ಹೊತ್ತಗೆ ಸತ್ತವರ ಮುಕ್ತಿಗಲ್ಲ, ಬದುಕಿರುವವರ ಮಾನಕ್ಕೆ ಬೇಕಾದದ್ದು. ಅದು ಗಂಡು ಸಂತತಿಯ ದಾರಿ ಹಿಡಿಯುತ್ತದೆ; ಮದುವೆಯಾಗಿ ಹೋದ ಮಗಳು ಅಲ್ಲಿಗೆ ಕಾಣೆ. ಗಂಡಹೆಂಡಿರನ್ನು ಕಾಲಾತೀತವಾಗಿ ಬೆಸೆಯುವ ಮಾರ್ಮನ್ ವಿಧಿಗೆ ಹೆಂಡತಿಯ ಹೆಸರೂ ಬೇಕೇಬೇಕು.

ಈ ಹೆಸರುಗಳ ಮೇಲಿನ ಹಕ್ಕಿನ ಪ್ರಶ್ನೆ ಇದಕ್ಕಿಂತ ಜಟಿಲ. ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ಹೆಸರಿಗೂ ದೀಕ್ಷೆ ನಡೆದಿದ್ದು ಬಯಲಾಗಿ, 1995ರಲ್ಲಿ ಸಭೆ ಅದನ್ನು ನಿಲ್ಲಿಸಲು ಒಪ್ಪಿತು. ಅಲ್ಲಿ ಆಕ್ಷೇಪಿಸಿದವರು ಸತ್ತವರ ಸಮುದಾಯದವರು. ಇಲ್ಲಿ ಇನ್ನೊಬ್ಬ ಹಕ್ಕುದಾರನಿದ್ದಾನೆ: ಯಾವ ಒಕ್ಕಲು ಯಾರ ಪಾಲಿನದೆಂದು ಅಣ್ಣತಮ್ಮಂದಿರೊಳಗೆ ಹಂಚಿಕೊಂಡು ಬಂದ ಹೆಳವ. ಹೆಸರುಗಳು ಒಕ್ಕಲಿನವು, ಹೇಳುವ ಹಕ್ಕು ಅವನದು. ಅದನ್ನು ಫಿಲ್ಮಿಗೋ ಕಂಪ್ಯೂಟರಿಗೋ ಇಳಿಸುವವರು ಯಾರ ಒಪ್ಪಿಗೆ ಕೇಳಬೇಕು, ಅವನ ವರ್ಷದ ಕಾಳಿಗೆ ಬದಲಾಗಿ ಏನು ಕೊಡಬೇಕು ಎಂಬುದನ್ನು ಮಾರ್ಮನ್ ಚರಿತ್ರಕಾರರೂ ನಮ್ಮ ಜಾನಪದ ವಿದ್ವಾಂಸರೂ ಒಟ್ಟಿಗೆ ಕೂತು ಚರ್ಚಿಸಬೇಕಾಗಿದೆ.